ಕ್ಯಾನುಲಾ ಕಿತ್ತುಕೊಂಡರೆ ಅವಳು ಕಲಿಯೋದು ಯಾವಾಗ?

ಮೇಡಂ, ನಮ್ಮ ಶಿಕ್ಷಕರ ಗುಂಪಿನಲ್ಲಿ ನಿಮ್ಮ ಪೋಸ್ಟ್ ಓದಿದೆ. ವಿದ್ಯಾರ್ಥಿನಿ ಕ್ಯಾನುಲಾ (ಸೂಜಿಯ ಸಹಾಯದಿಂದ ರಕ್ತನಾಳಕ್ಕೆ ಇಳಿಸುವ ಸಣ್ಣ ಕೊಳವೆ) ಹಾಕುವಾಗ ತಡಕಾಡಿದಳು, ನೀವೇ ಇಸ್ಕೊಂಡು ಹಾಕಿದಿರಿ, ಆಮೇಲೆ ರೋಗಿಯ ಮುಂದೆಯೇ "ಇಷ್ಟೂ ಗೊತ್ತಿಲ್ವಾ?" ಅಂದಿರಿ. ಈಗ ಅವಳು ವಾರ್ಡಿನಲ್ಲಿ ಬಾಯಿಯೇ ಬಿಡುತ್ತಿಲ್ಲ. ಹೇಗೆ ಬಿಟ್ಟಾಳು? ಕೈ ಚುರುಕಾದವರೆಲ್ಲ ಕಲಿಸುವ ಶುರುವಿನಲ್ಲಿ ಮಾಡುವುದೇ ಇದು, ನಾನೂ ಸೇರಿ. ಮೊದಲು ಅವಳನ್ನು ಒಬ್ಬಳನ್ನೇ ಕರೆದು ಸಾರಿ ಹೇಳಿ.

ಕೈಕೆಲಸ ಕಲಿಸುವ ಪೇಟನ್‌ನ ನಾಲ್ಕು ಹಂತ ನಿಮಗೆ ಗೊತ್ತೇ ಇರುತ್ತದೆ: ಸುಮ್ಮನೆ ಮಾಡಿ ತೋರಿಸುವುದು, ವಿವರಿಸುತ್ತ ಮಾಡುವುದು, ಅವಳು ಹೇಳಿದಂತೆ ನೀವು ಮಾಡುವುದು, ಕೊನೆಗೆ ಅವಳೇ ಮಾಡುವುದು. ಎಲ್ಲರೂ ಮೂರನೆಯದನ್ನು ಹಾರಿಸುತ್ತಾರೆ. ತೋರಿಸಿದ್ದಾಯಿತು, ವಿವರಿಸಿದ್ದಾಯಿತು, "ಸರಿ, ಈಗ ನೀನು ಮಾಡು". ಅಲ್ಲೇ ಎಡವಟ್ಟು. ಮೂರನೇ ಹಂತದಲ್ಲಿ ಬಾಯಿ ಅವಳದು, ಕೈ ನಿಮ್ಮದು. ಸ್ಕಿಲ್ ಲ್ಯಾಬಿನ ಮಾಡೆಲ್ ಕೈ ಇಟ್ಟುಕೊಂಡು ಅವಳು ಹೇಳಿದಷ್ಟೇ ಮಾಡಿ. "ರಕ್ತ ಕಂಡಿತು, ಸೂಜಿ ತೆಗೆಯಿರಿ" ಅಂದಳಾ? ಕೈ ಅಲ್ಲೇ ನಿಲ್ಲಿಸಿ. ಸುಮ್ನಿರಿ. ಸ್ವಲ್ಪ ಹೊತ್ತಿಗೆ ಅವಳಿಗೇ ಹೊಳೆಯುತ್ತದೆ: ಕೋನ ತಗ್ಗಿಸಬೇಕು, ಒಂಚೂರು ಮುಂದೆ ತಳ್ಳಬೇಕು, ಕ್ಯಾನುಲಾ ಮಾತ್ರ ಒಳಗೆ ಜಾರಿಸಬೇಕು, ಟೂರ್ನಿಕೆಟ್ (ತೋಳಿಗೆ ಬಿಗಿದ ಪಟ್ಟಿ) ಬಿಚ್ಚಬೇಕು, ಕ್ಯಾನುಲಾದ ತುದಿಗಿಂತ ಮೇಲೆ ರಕ್ತನಾಳ ಒತ್ತಿ ಹಿಡಿಯಬೇಕು, ಆಮೇಲೆ ಸೂಜಿ. ಯಾವುದು ಅವಳ ತಲೆಯಲ್ಲಿ ಕೂತಿಲ್ಲ ಅನ್ನೋದು ಇಲ್ಲೇ ಗೊತ್ತಾಗುವುದು. ಹೊಳೆಯದಿದ್ದರೆ ಹೇಳಿಕೊಡಿ, ಗೋಳು ಹುಯ್ದುಕೊಳ್ಳಬೇಡಿ. ಒಬ್ಬರಿಗೆ, ಇಬ್ಬರಿಗೆ ಇದು ಸರಿ. ಹತ್ತು ಜನರನ್ನು ನಿಲ್ಲಿಸಿಕೊಂಡರೆ ಮಾತಾಡುವವಳು ಒಬ್ಬಳೇ, ಉಳಿದವರು ನಿಮ್ಮ ಬೆನ್ನು ನೋಡುತ್ತಾರೆ.

ರೋಗಿಯ ಮೇಲೆ ಈ ಆಟ ಬೇಡ. ಅಲ್ಲಿಗೆ ಹೋಗುವ ಮೊದಲೇ ಮಾತಾಡಿಕೊಳ್ಳಿ: ಎರಡು ಸಲಕ್ಕೂ ಆಗದಿದ್ದರೆ ಬೇರೆಯವರು, ನಾನು "ತಾಳು" ಅಂದರೆ ನಿಲ್ಲಿಸಬೇಕು. ವಿದ್ಯಾರ್ಥಿನಿ ಹಾಕುತ್ತಾಳೆ ಎಂದು ರೋಗಿಗೂ ಹೇಳಿ, ಕೇಳಿ. ಬೇಡ ಅಂದರೆ ಬೇಡ. ಅಪಾಯ ಕಂಡರೆ ಮಾತ್ರ ಮುಲಾಜಿಲ್ಲದೆ ಕೈ ಹಾಕಿ, ಪಾಠ ಆಮೇಲೆ.

ಪ್ರಶ್ನೆ ಕೇಳುವುದಕ್ಕೆ ನನಗೆ 1992ರ ಒನ್ ಮಿನಿಟ್ ಪ್ರಿಸೆಪ್ಟರ್ (ಕೆಲಸದ ನಡುವೆಯೇ ಚುಟುಕಾಗಿ ಕಲಿಸುವ ವಿಧಾನ) ಸಾಕು. ಮೊದಲು "ನಿನಗೇನು ಅನ್ನಿಸುತ್ತೆ?", ಆಮೇಲೆ "ಯಾಕೆ?". ಉತ್ತರಕ್ಕೆ ಕನಿಷ್ಠ 3 ಸೆಕೆಂಡ್ ಕಾಯಿರಿ. ಜಾಸ್ತಿ ಅನ್ನಿಸುತ್ತೆ, ಆದರೂ ಕಾಯಿರಿ. ಹೊಗಳಿಕೆ, ತಪ್ಪು, ಮತ್ತೆ ಹೊಗಳಿಕೆ ಅನ್ನುವ ಸ್ಯಾಂಡ್‌ವಿಚ್ ಫೀಡ್‌ಬ್ಯಾಕ್ ನನಗೆ ಹಿಡಿಸಲ್ಲ. ನಡುವಿನದ್ದು ಕಿವಿಗೇ ಬೀಳುವುದಿಲ್ಲ. ಬರೀ "ಚೆನ್ನಾಗಿತ್ತು" ಅಂದರೂ ಏನೂ ಹೇಳಿದ ಹಾಗಲ್ಲ. "ಯಾರೂ ಹೇಳದೆಯೇ ಟೂರ್ನಿಕೆಟ್ ಬಿಚ್ಚಿದೆ" ಅನ್ನಿ, ಅದು ಉಳಿಯುತ್ತದೆ.

ಇನ್ನು ಡಾಪ್ಸ್ ಫಾರ್ಮು, ಅಂದರೆ ವಿದ್ಯಾರ್ಥಿ ಮಾಡುವುದನ್ನು ಕಣ್ಣಾರೆ ನೋಡಿ ತುಂಬುವ ಮೌಲ್ಯಮಾಪನದ ಹಾಳೆ. ವಾರ್ಡ್ ಪೋಸ್ಟಿಂಗಿನ ಕೊನೇ ದಿನ ಎಲ್ಲಕ್ಕೂ ಒಟ್ಟಿಗೆ ಸಹಿ ಜಡಿಯುವವರು ಈ ಗುಂಪಿನಲ್ಲೇ ಇದ್ದೀರಿ, ಗೊತ್ತು. ನೋಡಿದ ದಿನವೇ, ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿ. ಟಿಕ್ ಹಾಕುವುದಕ್ಕಿಂತ ಕೆಳಗಿನ ಖಾಲಿ ಜಾಗದಲ್ಲಿ ಎರಡು ಸಾಲು ಬರೆಯಿರಿ.