ಎದೆನೋವು ಅಂದ ತಕ್ಷಣ ಸಾರ್ಬಿಟ್ರೇಟ್ ಕೊಡಬಹುದಾ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಪ್ರಥಮ ಚಿಕಿತ್ಸೆ ತರಬೇತಿ ಕೊಟ್ಟು, ಔಷಧಿ ಪೆಟ್ಟಿಗೆಯ ಜವಾಬ್ದಾರಿ ನನಗೇ ವಹಿಸಿದ್ದಾರೆ. ಇಂಡಿಕೇಷನ್, ಕಾಂಟ್ರಾಇಂಡಿಕೇಷನ್, ಡೋಸ್, ರೂಟ್ ಅಂತ ಹೇಳಿಕೊಟ್ಟಿದ್ದು ಅರ್ಧಂಬರ್ಧ ನೆನಪಿದೆ. ಯಾರಿಗಾದರೂ ಎದೆನೋವು ಬಂದರೆ ಆಸ್ಪಿರಿನ್, ಸಾರ್ಬಿಟ್ರೇಟ್ ಮಾತ್ರೆ ಎರಡನ್ನೂ ಕೊಡಬಹುದಾ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಮೊದಲು 108ಕ್ಕೆ ಫೋನ್ ಮಾಡಿ, ರೋಗಿಯನ್ನು ಕೂರಿಸಿ. ಪೆಟ್ಟಿಗೆ ತೆಗೆಯುವುದು ಆಮೇಲೆ.

ಯಾವ ತೊಂದರೆಗೆ ಕೊಡಬೇಕು ಅನ್ನುವುದು ಇಂಡಿಕೇಷನ್. ಯಾರಿಗೆ ಕೊಡಲೇಬಾರದು ಅನ್ನುವುದು ಕಾಂಟ್ರಾಇಂಡಿಕೇಷನ್. ಎಷ್ಟು ಅನ್ನುವುದು ಡೋಸ್, ಯಾವ ದಾರಿಯಲ್ಲಿ ಅನ್ನುವುದು ರೂಟ್. ನನ್ನ ಪ್ರಕಾರ ನೀವು ಬಾಯಿಪಾಠ ಮಾಡಬೇಕಾದದ್ದು ಎರಡನೆಯದನ್ನು.

ಆಸ್ಪಿರಿನ್ನನ್ನೇ ತೆಗೆದುಕೊಳ್ಳಿ. ಹೃದಯದ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಇನ್ನೂ ಬೆಳೆಯದಂತೆ ಅದು ತಡೆಯುತ್ತದೆ. ಹಾರ್ಟ್ ಅಟ್ಯಾಕ್ ಅನುಮಾನವಿದ್ದರೆ ಡೋಸ್ ಸುಮಾರು 300 ಮಿಲಿಗ್ರಾಂ. ಅಂದರೆ 75ರ ಮಾತ್ರೆಯಾದರೆ ನಾಲ್ಕು, 150ರದ್ದಾದರೆ ಎರಡು. ಅಗಿದು ನುಂಗಿಸಿ. ಈ ಮಾತ್ರೆಗಳ ಮೇಲೆ ಸಾಮಾನ್ಯವಾಗಿ ಲೇಪನ ಇರುತ್ತದೆ, ಇಡಿಯಾಗಿ ನುಂಗಿದರೆ ಕರಗಲು ತುಂಬಾ ಹೊತ್ತು ಬೇಕು. ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಅದರಿಂದ ಹಿಂದೆ ಉಬ್ಬಸ ಬಂದವರಿಗೆ, ರಕ್ತವಾಂತಿ ಅಥವಾ ಕಪ್ಪು ಮಲ ಆಗುತ್ತಿರುವವರಿಗೆ ಬೇಡ. ಬಾಯಿ ಸೊಟ್ಟಗಾಗಿ ಕೈ ಸೋತಿದ್ದರೆ ಸ್ಟ್ರೋಕ್ ಇರಬಹುದು. ಮೆದುಳಲ್ಲಿ ರಕ್ತಸ್ರಾವ ಆಗಿದೆಯೋ ಇಲ್ಲವೋ ಸ್ಕ್ಯಾನ್ ಮಾಡದೆ ಗೊತ್ತಾಗಲ್ಲ, ಆಗ ಆಸ್ಪಿರಿನ್ ಮುಟ್ಟಬೇಡಿ.

ಸಾರ್ಬಿಟ್ರೇಟ್ ವಿಷಯ ಬೇರೆ. ಅದನ್ನು ನಾಲಿಗೆ ಕೆಳಗೆ ಇಡುತ್ತಾರೆ. ಅಲ್ಲಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ. ನುಂಗಿದರೆ ಬಹುಪಾಲು ಲಿವರ್‌ನಲ್ಲೇ ಒಡೆದು ಹೋಗುತ್ತದೆ. ರಕ್ತನಾಳ ಹಿಗ್ಗಿಸುವುದು ಅದರ ಕೆಲಸ, ಹಾಗಾಗಿ ಬಿಪಿ ಇಳಿಯುತ್ತದೆ. ಬಿಪಿಯ ಮೇಲಿನ ಅಂಕಿ ಮೊದಲೇ 100ಕ್ಕಿಂತ ಕಡಿಮೆ ಇದ್ದವರಿಗೆ ಇದನ್ನು ಕೊಟ್ಟರೆ ಅಲ್ಲೇ ಕುಸಿದು ಬೀಳಬಹುದು. ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರ ಥರದ ಮಾತ್ರೆ, ಅಥವಾ 48 ಗಂಟೆಯಲ್ಲಿ ಟಡಾಲಫಿಲ್ ತೆಗೆದುಕೊಂಡಿದ್ದರೂ ಅಪಾಯ ಅಷ್ಟೇ. ಇದನ್ನು ಹೆಂಡತಿ ಮಕ್ಕಳ ಮುಂದೆ, ಜೊತೆ ಕೆಲಸದವರ ಮುಂದೆ ಕೇಳಿದರೆ ಯಾರೂ ನಿಜ ಹೇಳಲ್ಲ. ಉಳಿದವರನ್ನು ದೂರ ಕಳಿಸಿ, ಕಿವಿ ಹತ್ತಿರ ಮೆಲ್ಲಗೆ, "ಅಣ್ಣ, ನಿಮ್ಮ ಜೀವದ ಪ್ರಶ್ನೆ, ಹೇಳಿಬಿಡಿ" ಅಂತ ಕೇಳಿ.

ಹಾಗಾಗಿ ನನ್ನ ಸಲಹೆ ಇಷ್ಟು: ಆಸ್ಪಿರಿನ್‌ಗೆ ಮೇಲೆ ಹೇಳಿದ ಯಾವ ಅಡ್ಡಿಯೂ ಇಲ್ಲದಿದ್ದರೆ ಅದನ್ನು ಕೊಡಿ. ಸಾರ್ಬಿಟ್ರೇಟ್ ಮಾತ್ರ ಡಾಕ್ಟರು ಅವರಿಗೇ ಬರೆದುಕೊಟ್ಟಿದ್ದರೆ, ಇಲ್ಲವೇ ಡಾಕ್ಟರು ಫೋನಿನಲ್ಲಿ ಹೇಳಿದರೆ, ಅದೂ ಬಿಪಿ ನೋಡಿದ ಮೇಲೆ.

ಇನ್ನೊಂದು ಮಾತು: ರಕ್ತದಲ್ಲಿ ಶುಗರ್ ಇಳಿದು ಬೆವರುತ್ತಿರುವವರಿಗೆ 15ರಿಂದ 20 ಗ್ರಾಂ ಗ್ಲೂಕೋಸ್ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನೂ ಹಾಕಬೇಡಿ.

ನೀವು ಕೇಳಿಲ್ಲ, ಆದರೂ ಕಬ್ಬು, ಭತ್ತ ಬೆಳೆಯುವ ಊರಾದ್ದರಿಂದ ಹೇಳುತ್ತೇನೆ. ಕೀಟನಾಶಕ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಲವು ಕೀಟನಾಶಕಗಳ ವಿಷಕ್ಕೆ ಅಟ್ರೋಪಿನ್ ಅನ್ನುವ ಔಷಧಿ ಕೊಡುತ್ತಾರೆ, ಅದು ಆಸ್ಪತ್ರೆಯವರ ಕೆಲಸ. ನೀವು ಕೈಗವಸು ಹಾಕಿಕೊಂಡು ನೆನೆದ ಬಟ್ಟೆ ತೆಗೆಯಿರಿ, ಡಬ್ಬಿಯನ್ನು ಜೊತೆಗೇ ಕಳಿಸಿ.

ಏನೇ ಕೊಟ್ಟರೂ ಮಾತ್ರೆಯ ಹೆಸರು, ಮಿಲಿಗ್ರಾಂ, ಕೊಟ್ಟ ಸಮಯ ಚೀಟಿಯಲ್ಲಿ ಬರೆದು ಆಂಬುಲೆನ್ಸ್‌ನವರ ಕೈಗೆ ಕೊಡಿ. ಕಂಪನಿ ಇಟ್ಟ ಹೆಸರು ಸಾಲದು, ಸ್ಟ್ರಿಪ್‌ನ ಮೇಲಿರುವ ಔಷಧದ ಹೆಸರನ್ನೂ ಬರೆಯಿರಿ. ಮಂಡ್ಯದ ಮಿಮ್ಸ್‌ಗೆ ಹೋಗಲಿ, ಮೈಸೂರಿನ ಜಯದೇವಕ್ಕೆ ಹೋಗಲಿ, ಮುಂದಿನ ಡೋಸ್ ನಿರ್ಧರಿಸುವ ಡಾಕ್ಟರಿಗೆ ಆ ಚೀಟಿ ಬೇಕೇ ಬೇಕು.