ಟಿಪ್ಪರ್‌ನ ಫಿಲ್ಟರ್ ತೆಗೆಸಬೇಡಿ

ಓದುಗರ ಪ್ರಶ್ನೆಗೆ ಬಳ್ಳಾರಿಯ ಶ್ವಾಸಕೋಶ ತಜ್ಞೆಯ ಉತ್ತರ

ಪ್ರಶ್ನೆ: ನಂದು ಸಂಡೂರು ಕಡೆ ಅದಿರು ಲೋಡ್ ಹೊಡೆಯುವ ಬಿಎಸ್-6 (ಹೊಗೆ ಮಿತಿಯ ನಿಯಮ) ಟಿಪ್ಪರ್. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇಪದೇ ಹತ್ತುತ್ತೆ, ಪಿಕಪ್ ಇಲ್ಲ. ಮೆಕ್ಯಾನಿಕ್ 'ಆ ಡಬ್ಬಿ ತೆಗೆಸಿಬಿಡ್ರಿ, ಮೈಲೇಜೂ ಜಾಸ್ತಿ ಬರ್ತದ' ಅಂತಾನೆ. ಹೊಗೆ ಹೊರಗೆ ತಾನೇ ಹೋಗೋದು ಮೇಡಂ, ಆರೋಗ್ಯಕ್ಕೇನು ತೊಂದರೆ?
– ಲಾರಿ ಮಾಲೀಕರು, ತೋರಣಗಲ್ಲು

ತೆಗೆಸಬೇಡಿ. ಎದೆ ಡಾಕ್ಟರಿಗೆ ಗಾಡಿ ಪ್ರಶ್ನೆ ಯಾಕೆ ಅಂತ ಮೊದಮೊದಲು ಅನಿಸುತ್ತಿತ್ತು. ಈಗ ಅನಿಸುವುದಿಲ್ಲ. ಡಬ್ಬಿ ತೆಗೆಸಿದ ಗಾಡಿಗಳ ಹಿಂದೆ ನಿಂತವರು ಕೊನೆಗೆ ಬರುವುದು ನನ್ನ ಹತ್ತಿರವೇ.

ಆ ಡಬ್ಬಿಯೊಳಗೆ ಜೇನುಗೂಡಿನಂಥ ಸೆರಾಮಿಕ್ ಇದೆ. ಅದರ ತೂತುಗಳ ಬಾಯಿ ಒಂದು ಬಿಟ್ಟು ಒಂದು ಮುಚ್ಚಿರುತ್ತದೆ. ಹೊಗೆ ಗೋಡೆ ತೂರಿಯೇ ಆಚೆ ಬರಬೇಕು, ಮಸಿ ಗೋಡೆಗೆ ಅಂಟಿಕೊಳ್ಳುತ್ತದೆ. ನೂರರಲ್ಲಿ 95ಕ್ಕಿಂತ ಜಾಸ್ತಿ ಪಾಲು ಅಲ್ಲೇ ನಿಂತು, ಸುಮಾರು 600 ಡಿಗ್ರಿ ಕಾವಿನಲ್ಲಿ ಸುಟ್ಟುಹೋಗುತ್ತದೆ. 2020ರ ಏಪ್ರಿಲ್ 1ರಂದು ಬಿಎಸ್-6 ಬಂದಾಗ ಡೀಸೆಲ್‌ನ ಗಂಧಕವನ್ನು 50 ಪಿಪಿಎಂನಿಂದ (ಹತ್ತು ಲಕ್ಷ ಪಾಲಿನಲ್ಲಿ 50) 10ಕ್ಕೆ ಇಳಿಸಿದರಲ್ಲ, ಅದೂ ಈ ಡಬ್ಬಿ, ವಿಷಾನಿಲ ತಗ್ಗಿಸುವ ಕ್ಯಾಟಲಿಸ್ಟ್ ಬಾಳಿಕೆ ಬರಲಿ ಅಂತಲೇ.

'ಹೊರಗೆ' ಅಂದಿರಿ. ಲಾರಿ ತೂಗುವ ವೇಬ್ರಿಡ್ಜ್ ಮುಂದಿನ ಸಾಲು ನೋಡಿ. ಎಲ್ಲ ಇಂಜಿನ್ ಚಾಲೂ, ಬಿಸಿಲಿಗೆ ಎಲ್ಲ ಕಿಟಕಿ ತೆರೆದಿವೆ. ಕ್ಲೀನರ್ ಹುಡುಗ ಟಾರ್ಪಾಲ್ ಹಗ್ಗ ಬಿಗಿಯುತ್ತಾ ಸೈಲೆನ್ಸರ್ ಪಕ್ಕದಲ್ಲೇ ನಿಂತಿದ್ದಾನೆ. ಹೊರಗೆ ಅಂದರೆ ಅವನ ಮೂಗು.

ಅಂಥ ಒಬ್ಬ ಹುಡುಗ ಹೋದ ತಿಂಗಳು ಬಂದಿದ್ದ. 22 ವರ್ಷ, ಬೀಡಿ ಮುಟ್ಟಿದವನಲ್ಲ. ಕರ್ಚೀಫ್ ಬಿಚ್ಚಿ ಕಫ ತೋರಿಸಿದ. ಅಂಚಿಗೆ ಕೆಂಪು, ನಡುವೆ ಕಪ್ಪು ಗೆರೆ. ಕೆಂಪು ಕಂಡು ರಕ್ತ ಅಂತ ಅವನ ತಾಯಿ ಅಳುತ್ತಿದ್ದರು. ಅದು ರಕ್ತವಲ್ಲ, ಅದಿರಿನ ಧೂಳು. ನನಗೆ ಭಯವಾಗಿದ್ದು ಕಪ್ಪು ಗೆರೆಗೆ. ಕೆಂಪು ಧೂಳು ಒಳ್ಳೆಯದು ಅಂತಲ್ಲ, ಆದರೆ ಅದರಲ್ಲಿನ ದಪ್ಪ ಕಣ ಹೆಚ್ಚಾಗಿ ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಕೆಮ್ಮಿದರೆ ಬರುತ್ತದೆ. ಡೀಸೆಲ್ ಮಸಿಯ ಕಣ ತಲೆಗೂದಲ ದಪ್ಪದ ನೂರನೇ ಒಂದು ಪಾಲೂ ಇರುವುದಿಲ್ಲ. ಸೀದಾ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ತೀರಾ ಸಣ್ಣದು ರಕ್ತಕ್ಕೂ ಸೇರುತ್ತದೆ. ಅಲ್ಲಿಂದ ಹಾರ್ಟ್ ಅಟ್ಯಾಕ್, ಲಕ್ವದ ಅಪಾಯ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಇದೇ ಮಸಿ ಬಿಸಿಲು ಹೀರಿ ಗಾಳಿಯನ್ನೂ ಕಾಯಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ನೂರಾರು ವರ್ಷ ಉಳಿಯುತ್ತದೆ, ಮಸಿ ಒಂದೆರಡು ವಾರದಲ್ಲಿ ನೆಲ ಸೇರುತ್ತದೆ. ಹಾಗಾಗಿ ಇದನ್ನು ಇವತ್ತು ತಡೆದರೆ ಲಾಭ ಈ ಬೇಸಿಗೆಗೇ ಸಿಗುತ್ತದೆ.

ದೀಪ ಹತ್ತಿತು ಅಂದರೆ ಡಬ್ಬಿ ತುಂಬಿದೆ ಅಂತ, ಕೆಟ್ಟಿದೆ ಅಂತಲ್ಲ. ಹೈವೇಯಲ್ಲಿ ಒಂದೇ ಸ್ಪೀಡಿಗೆ 20 ನಿಮಿಷ ಓಡಿಸಿ, ಕಾವಿಗೆ ಮಸಿ ಸುಟ್ಟುಹೋಗುತ್ತದೆ. ಇಲ್ಲವೇ ನಿಲ್ಲಿಸಿ ಮಸಿ ಸುಡುವ ರೀಜನರೇಷನ್ ಸ್ವಿಚ್ ಒತ್ತಿ, ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ. ಸಾಲಿನಲ್ಲಿ ನಿಂತಾಗ ಇಂಜಿನ್ ಆಫ್ ಮಾಡಿ, ಡಬ್ಬಿ ಬೇಗ ಕಟ್ಟಿಕೊಳ್ಳುವುದೇ ಅಲ್ಲಿ. ಬಿಎಸ್-6ಕ್ಕೆ ಹೇಳಿದ ಆಯಿಲ್ಲೇ ಹಾಕಿಸಿ. ಡಿಇಎಫ್ (ವಿಷಾನಿಲ ತಗ್ಗಿಸಲು ಗಾಡಿಗೆ ಹಾಕುವ ಶುದ್ಧ ಯೂರಿಯಾ ದ್ರವ) ದುಬಾರಿ ಅಂತ ಹೊಲದ ಯೂರಿಯಾ ನೀರಿಗೆ ಕಲಸಿ ಸುರಿಯುವವರಿದ್ದಾರೆ. ಆ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ, ಕ್ಯಾಟಲಿಸ್ಟ್ ಹಾಳಾಗುತ್ತದೆ. ಎಮಿಷನ್ ಟೆಸ್ಟ್ ಪಾಸಾಗಿದೆ ಅಂತಲೂ ಹೇಳಬೇಡಿ. ಅದು ಹೊಗೆ ಎಷ್ಟು ಕಪ್ಪಗಿದೆ ಅಂತ ನೋಡುತ್ತದೆ, ಸಣ್ಣ ಕಣ ಎಣಿಸುವುದಿಲ್ಲ.

ಪ್ರಶ್ನೆ: ದಿನಾ ಬೆಲ್ಲ ತಿಂದರೆ ಶ್ವಾಸಕೋಶದ ಧೂಳು ಹೋಗುತ್ತಂತೆ, ನಿಜವೇ?
– ಕಾರ್ಖಾನೆ ನೌಕರರು, ಗಿಣಿಗೇರಾ

ಇಲ್ಲ. ಬೆಲ್ಲ ಹೋಗುವುದು ಹೊಟ್ಟೆಗೆ. ಎನ್-95 ಮಾಸ್ಕ್ ಹಾಕಿ.

ಪ್ರಶ್ನೆ: ಎಲೆಕ್ಟ್ರಿಕ್ ಆಟೋಗೂ ಶಕ್ತಿನಗರದ ಕಲ್ಲಿದ್ದಲ ಕರೆಂಟೇ ಅಲ್ವಾ? ಏನು ಉಪಯೋಗ?
– ಆಟೋ ಚಾಲಕರು, ರಾಯಚೂರು

ಕರೆಂಟು ಬರೀ ಕಲ್ಲಿದ್ದಲದ್ದಲ್ಲ. ಶರಾವತಿ ನೀರಿನದೂ ಇದೆ, ಪಾವಗಡದ ಬಿಸಿಲಿನದೂ ಇದೆ. ನಿಮ್ಮ ಡೀಸೆಲ್ ಆಟೋ ಹೊಗೆ ಶಾಲೆ ಗೇಟಿನಲ್ಲಿ, ಮಕ್ಕಳ ಮೂಗಿನ ಎತ್ತರಕ್ಕೇ ಬರುತ್ತದೆ. ಎಲೆಕ್ಟ್ರಿಕ್ ಆದರೆ ಅದು ಪೂರ್ತಿ ನಿಲ್ಲುತ್ತದೆ. ಟೈರಿನ ಧೂಳು ಉಳಿಯುತ್ತದೆ. ಶಕ್ತಿನಗರ, ದೇವಸೂಗೂರಿನವರ ಮೇಲೆ ಬೀಳುವ ಬೂದಿಯನ್ನು ಚಿಮಣಿಯಲ್ಲೇ ತಡೆಯಬೇಕು. ಅದಕ್ಕೂ ನಿಮ್ಮ ಡೀಸೆಲ್ ಆಟೋ ಇಟ್ಟುಕೊಳ್ಳುವುದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಇನ್‌ಹೇಲರ್ ಚಟ ಆಗುತ್ತೆ ಅಂತ ನಮ್ಮೂರ ಡಾಕ್ಟರು ತಿಂಗಳಿಗೊಂದು ಇಂಜೆಕ್ಷನ್, ಪುಡಿ ಪೊಟ್ಟಣ ಕೊಡ್ತಾರೆ. ಎರಡು ವರ್ಷದಿಂದ ಆರಾಮ ಇದೀನಿ.
– ಗೃಹಿಣಿ, ಸಿಂಧನೂರು

ಇನ್‌ಹೇಲರ್ ಚಟ ಆಗುವುದಿಲ್ಲ. ಹೆಸರಿಲ್ಲದ ಪೊಟ್ಟಣದಲ್ಲಿ ಸ್ಟೀರಾಯ್ಡ್ ಇರಬಹುದು ಅನ್ನುವುದೇ ನನ್ನ ಚಿಂತೆ. ಅದು ಶುಗರ್ ಏರಿಸುತ್ತದೆ, ಮೂಳೆ ಸವೆಸುತ್ತದೆ. ಆದರೆ ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಎರಡು ವರ್ಷ ತೆಗೆದುಕೊಂಡ ಸ್ಟೀರಾಯ್ಡ್ ತಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಈ ವಾರವೇ ಎದೆ ಡಾಕ್ಟರ ಹತ್ತಿರ ಹೋಗಿ, ಉಳಿದ ಪೊಟ್ಟಣ ಕೈಯಲ್ಲಿರಲಿ.