ಅಕ್ಕಪಕ್ಕದ ಎರಡು ಪೊಲೀಸ್ ಇಲಾಖೆಗಳು ತುರ್ತು ಅಲರ್ಟ್ ಹಂಚಿಕೊಳ್ಳಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಅಲರ್ಟ್ ತಡವಾಗಿ ಮುಟ್ಟುತ್ತಿದೆ, ಅದಕ್ಕೇ ಸಾಫ್ಟ್‌ವೇರ್ ಬೇಕು ಅಂತೀರಿ. ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ ಮಾಡಿದವಳಾಗಿ ಹೇಳುತ್ತೇನೆ, ನಮ್ಮ ಅಲರ್ಟ್ ಪಕ್ಕದವರ ಪರದೆಗೆ ಕ್ಷಣದಲ್ಲೇ ಹೋಗುತ್ತಿತ್ತು. ಆದರೂ ಎಡವಟ್ಟಾಯಿತು.

ಕದ್ದ ಕಾರಿನಲ್ಲಿ ಮಗುವನ್ನು ಹೊತ್ತೊಯ್ದಿದ್ದಾರೆ ಅಂತ ಕರೆ ಬಂತು. ಕಾರಿನ ನಂಬರ್, ಬಣ್ಣ, ಮಗು ಹಾಕಿಕೊಂಡ ಬಟ್ಟೆ, ಹೋದ ದಿಕ್ಕು, ಎಲ್ಲ ತುಂಬಿ ಕಳಿಸಿದೆವು. ಸಂದೇಶದ ಮೇಲ್ಗಡೆ 10:50 ಅಂತ ತಾನಾಗೇ ಬಿತ್ತು. ಅದು ಕಳಿಸಿದ ಹೊತ್ತು. ಕಾರು ಕೊನೆಯ ಸಲ ಕಣ್ಣಿಗೆ ಬಿದ್ದದ್ದು 10:10ಕ್ಕೆ, ಅದನ್ನು ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ. ಅಲ್ಲಿಂದ ನಮ್ಮ ಸರಹದ್ದು ಮುಗಿಯುವ ಸೇತುವೆಗೆ ಅರ್ಧ ಗಂಟೆಯ ದಾರಿ. ಪಕ್ಕದವರು 10:50 ನೋಡಿ, ಕಾರು ಇನ್ನು ಅರ್ಧ ಗಂಟೆಯಲ್ಲಿ ಬರುತ್ತದೆ ಅಂತ ಸೇತುವೆಯ ಮೇಲೆ ನಾಕಾಬಂದಿ ಹಾಕಿದರು. ಸರಿಯಾದ ಲೆಕ್ಕವೇ. ಆದರೆ ನಾವು ಕಳಿಸುವ ಹೊತ್ತಿಗೇ ಕಾರು ಸೇತುವೆ ದಾಟಿ ಹತ್ತು ನಿಮಿಷವಾಗಿತ್ತು! ಮುಂದಿನ ಊರುಗಳಲ್ಲಿ ಗಸ್ತಿನಲ್ಲಿದ್ದ ಗಾಡಿಗಳನ್ನೂ ಸೇತುವೆಗೇ ಕರೆಸಿಕೊಂಡಿದ್ದರಿಂದ ಅದು ಹೋದ ರಸ್ತೆಯಲ್ಲಿ ಕೇಳುವವರೇ ಇರಲಿಲ್ಲ. ಮಗು ಸಿಕ್ಕಿದ್ದು ಬೆಳಗಾದ ಮೇಲೆ. ಅಲ್ಲಿಯವರೆಗೆ ಅದರ ತಾಯಿ ನಮ್ಮ ನಂಬರಿಗೆ ಫೋನ್ ಮಾಡುತ್ತಲೇ ಇದ್ದರು.

ಆದ್ದರಿಂದ ಯಾವ ಸಾಫ್ಟ್‌ವೇರ್ ಅನ್ನೋದು ಆಮೇಲಿನ ಮಾತು. ಕೊನೆಯದಾಗಿ ಕಂಡ ಸಮಯ, ಕಂಡ ಜಾಗ, ಕಂಡವರು ಯಾರು, ಈ ಮೂರು ಸಂದೇಶದ ಮೊದಲ ಸಾಲಿನಲ್ಲೇ ಇರಬೇಕು. ಮಾಹಿತಿ ವಿನಿಮಯದ ಮಾನದಂಡ ರೂಪಿಸುವ ಓಯಸಿಸ್ ಸಂಸ್ಥೆ 2004ರಲ್ಲಿ ಒಪ್ಪಿದ ಕಾಮನ್ ಅಲರ್ಟಿಂಗ್ ಪ್ರೊಟೊಕಾಲ್ ಎಂಬ ಅಲರ್ಟ್ ಸಂದೇಶದ ನಮೂನೆಯಲ್ಲಿ ಕಳಿಸಿದ ಸಮಯಕ್ಕೂ ಘಟನೆಯ ಸಮಯಕ್ಕೂ ಬೇರೆ ಬೇರೆ ಕಾಲಂ ಇವೆ. ಹೊಸ ಅಲರ್ಟ್, ತಿದ್ದುಪಡಿ, ರದ್ದು, ಸ್ವೀಕೃತಿ ಅಂತ ಸಂದೇಶದ ಬಗೆಗಳೂ ಇವೆ. ಅದನ್ನು ಓದಬಲ್ಲ ಯಾವ ವ್ಯವಸ್ಥೆಯಾದರೂ ನಡೆದೀತು.

ಅಲರ್ಟ್ ಹೋದ ಕೂಡಲೇ ಫೋನ್ ಮಾಡಿ, ಆ ಕಡೆ ಡ್ಯೂಟಿಯಲ್ಲಿರುವವರ ಬಾಯಿಂದಲೇ ಕೊನೆಯದಾಗಿ ಕಂಡ ಸಮಯವನ್ನು ವಾಪಸ್ ಹೇಳಿಸಿ. ಗ್ರೂಪಿನಲ್ಲಿ ನೀಲಿ ಟಿಕ್ ಬಂತು ಅಂತ ನಂಬಿ ಕೂರಬೇಡಿ. ಮಾತು ದಾಟಿಸುವ ಹೊಣೆ ಒಬ್ಬರ ತಲೆಯ ಮೇಲಿರಬೇಕು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರ ಬೀಳಬಹುದೆಂದು ಪೊಲೀಸ್ ಹೆಲಿಕಾಪ್ಟರಿನವರು ರೇಡಿಯೊದಲ್ಲಿ ಎಚ್ಚರಿಸಿದ್ದರು. ಅಲ್ಲೇ ಇದ್ದ ಅಗ್ನಿಶಾಮಕ ಅಧಿಕಾರಿಗಳಿಗೆ ಅದು ಮುಟ್ಟಲೇ ಇಲ್ಲ.

ರದ್ದು ಮಾಡುವಾಗಲೂ ಇದೇ ಕ್ರಮ. ನಮ್ಮ ಪ್ರಕರಣದಲ್ಲಿ ಕಾರು ಮಾಲೀಕರ ಕೈಸೇರಿದ ಮೇಲೂ ಪಕ್ಕದ ಗಸ್ತಿನವರು ಅವರನ್ನೇ ಅಡ್ಡಗಟ್ಟಿ ಇಳಿಸಿದ್ದರು, ಹೆಂಡತಿ ಮಕ್ಕಳ ಎದುರಿಗೆ. ಅಲರ್ಟ್ ರದ್ದಾಗಿದ್ದು ಆ ಗಸ್ತು ಗಾಡಿಯವರಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಗಸ್ತಿನವರಿಗೆಲ್ಲ ಹೇಳಿಯಾಯ್ತು ಅಂತ ಆ ಕಡೆಯಿಂದ ಬರುವ ತನಕ ನಿಮ್ಮ ಲಾಗ್‌ನಲ್ಲಿ ಅದನ್ನು ಮುಚ್ಚಬೇಡಿ.